ಎಣ್ಣೆ ಪದರದೊಳಗೆ ಇಣುಕಿದ ಮೇಷ್ಟ್ರು

ರೆನಾಲ್ಡ್ಸ್ ಅಂದ ಕೂಡಲೇ ನಮ್ಮ ಬಾಯಿಗೆ ಬರೋದು ಒಂದೇ: ಪೈಪಿನಲ್ಲಿ ನಂಬರ್ 2000ಕ್ಕಿಂತ ಕಡಿಮೆ ಇದ್ರೆ ಲ್ಯಾಮಿನಾರ್. ವೈವಾದಲ್ಲೂ ಅಷ್ಟರಲ್ಲೇ ಬಚಾವಾಗಿದ್ದೇವೆ. ಆದರೆ ನಮ್ಮ ಕಾಲೇಜ್ ಬಸ್ಸಿನ ಎಂಜಿನ್ ಒಳಗೆ ಕ್ರ್ಯಾಂಕ್‌ಶಾಫ್ಟ್ ಸವೆಯದೆ ತಿರುಗ್ತಿದೆಯಲ್ಲ, ಅದರ ಲೆಕ್ಕ ಬರೆದುಕೊಟ್ಟವರೂ ಇವರೇ.

ಆಸ್ಬರ್ನ್ ರೆನಾಲ್ಡ್ಸ್ ಹುಟ್ಟಿದ್ದು 1842ರ ಆಗಸ್ಟ್ 23ರಂದು, ಬೆಲ್‌ಫಾಸ್ಟ್‌ನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ. ತಂದೆ ಪಾದ್ರಿ, ಜೊತೆಗೆ ಶಾಲಾ ಮೇಷ್ಟ್ರು. ಯಂತ್ರಗಳ ಹುಚ್ಚೂ ಇತ್ತು. ಮಗ ನೇರವಾಗಿ ಕಾಲೇಜಿಗೆ ಹೋಗಲಿಲ್ಲ. ಮೊದಲು ಒಬ್ಬ ಎಂಜಿನಿಯರ ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡರು. ಅಲ್ಲಿ ಕಂಡದ್ದು ಯಾಕೆ ಹಾಗೆ ಅಂತ ತಿಳಿಯೋಕೆ ಗಣಿತ ಬೇಕೆನಿಸಿ ಕೇಂಬ್ರಿಡ್ಜ್ ಸೇರಿದರು. 1867ರಲ್ಲಿ ಗಣಿತದಲ್ಲಿ ಏಳನೇ ರ‍್ಯಾಂಕ್. ಮರುವರ್ಷ, 25ರ ಹರೆಯದಲ್ಲೇ, ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್. ಅದೇ ವರ್ಷ ಮದುವೆ. ಒಂದೇ ವರ್ಷದಲ್ಲಿ ಹೆಂಡತಿ ತೀರಿಕೊಂಡರು. 1905ರವರೆಗೆ ಅಲ್ಲೇ ಪಾಠ ಮಾಡಿದರು. ಪಾಠ ತಲೆಗೆ ಹತ್ತೋದು ಕಷ್ಟ ಅನ್ನೋ ಹೆಸರೂ ಇತ್ತು. ಆ ಕ್ಲಾಸಿನಲ್ಲಿ ಕೂತಿದ್ದವರಲ್ಲಿ ಒಬ್ಬರು, ಮುಂದೆ ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್!

ಪೈಪಿನ ಪ್ರಯೋಗ ಪ್ರಕಟವಾದದ್ದು 1883ರಲ್ಲಿ. ಅದೇ ಹೊತ್ತಿಗೆ ಬೋಚಾಂಪ್ ಟವರ್ ಎಂಬ ಎಂಜಿನಿಯರ್ ಬೇರಿಂಗ್‌ಗಳ ಘರ್ಷಣೆ ಅಳೆಯುತ್ತಿದ್ದರು. ಎಣ್ಣೆ ಹಾಕೋಕೆ ಅಂತ ಬೇರಿಂಗ್ ಮೇಲ್ಭಾಗದಲ್ಲಿ ತೂತು ಕೊರೆದರೆ, ಎಣ್ಣೆ ಒಳಗೆ ಹೋಗೋ ಬದಲು ಮೇಲಕ್ಕೆ ಉಕ್ಕಿ ಬಂತು. ಬಿರಡೆ ಜಡಿದರು, ಅದೂ ಹಾರಿಹೋಯಿತು. ಗೇಜ್ ಕೂರಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತು. ಬೇರಿಂಗ್ ಮೇಲಿದ್ದ ಸರಾಸರಿ ಹೊರೆ ಬರೀ 100!

ಇದು ಹೇಗೆ ಅಂತ 1886ರಲ್ಲಿ ತೋರಿಸಿದವರು ರೆನಾಲ್ಡ್ಸ್. ಶಾಫ್ಟ್ ತಿರುಗುವಾಗ ಎಣ್ಣೆಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತೆ. ಮುಂದೆ ಜಾಗ ಬೆಣೆಯಂತೆ ಕಿರಿದಾಗುತ್ತೆ. ವಿಸ್ಕಾಸಿಟಿ ಇರೋದ್ರಿಂದ ಎಣ್ಣೆ ಸಲೀಸಾಗಿ ನುಣುಚಿಕೊಳ್ಳಲಾರದು. ಒತ್ತಡ ಏರಿ ಶಾಫ್ಟನ್ನೂ ಬೇರಿಂಗನ್ನೂ ಬೇರೆಬೇರೆಯಾಗಿ ಹಿಡಿಯುತ್ತೆ. ಕೂದಲೆಳೆಗಿಂತ ತೆಳುವಾದ ಪದರದ ಮೇಲೆ ಅಷ್ಟು ಭಾರ ತೇಲುತ್ತೆ. ಬಿಸಿಯಾದಂತೆ ಆಲಿವ್ ಎಣ್ಣೆ ಎಷ್ಟು ತೆಳ್ಳಗಾಗುತ್ತೆ ಅಂತಲೂ ಅವರೇ ಅಳೆದು ಲೆಕ್ಕಕ್ಕೆ ಸೇರಿಸಿದರು. ನಮ್ಮ ಡೇಟಾ ಹ್ಯಾಂಡ್‌ಬುಕ್ಕಿನ ಬೇರಿಂಗ್ ಚಾರ್ಟುಗಳ ಬೇರು ಇಲ್ಲಿದೆ.

ಆ ಸಮೀಕರಣದಲ್ಲಿ ಎಣ್ಣೆ ಅಂದ್ರೆ ಎಲ್ಲೂ ಬಿರುಕಿಲ್ಲದ, ಅಖಂಡ ದ್ರವ. ಗೇರ್ ಹಲ್ಲುಗಳ ನಡುವೆ ಒತ್ತಡ 1 ಗಿಗಾಪ್ಯಾಸ್ಕಲ್ ಮುಟ್ಟಿದಾಗ ವಿಸ್ಕಾಸಿಟಿ ಸಾವಿರಾರು ಪಟ್ಟು ಏರಬಹುದು. ಪದರ ನಾಲ್ಕೈದು ಅಣುಗಳಷ್ಟೇ ಉಳಿದರೆ, ಅಣುಗಳು ಸಾಲುಗಟ್ಟಿ ನಿಂತು ಬಹುತೇಕ ಘನದಂತೆ ವರ್ತಿಸುತ್ತವೆ. ಆಗ ಮಾಲಿಕ್ಯುಲರ್ ಡೈನಮಿಕ್ಸ್ ಬೇಕು: ಎರಡು ಗೋಡೆಗಳ ನಡುವೆ ಅಣುಗಳನ್ನಿಟ್ಟು, ಒತ್ತಿ, ಗೋಡೆ ಜಾರಿಸಿ, ಪ್ರತಿ ಪರಮಾಣುವಿನ ಚಲನೆಯನ್ನು ಸುಮಾರು 1 ಫೆಮ್ಟೋಸೆಕೆಂಡಿನ ಹೆಜ್ಜೆಗಳಲ್ಲಿ ಲೆಕ್ಕ ಹಾಕೋದು. ಒಂದೇ ನ್ಯಾನೋಸೆಕೆಂಡಿಗೆ 10 ಲಕ್ಷ ಹೆಜ್ಜೆ!

ತಮಾಷೆ ನೋಡಿ, ಎಣ್ಣೆಯನ್ನು ಅಖಂಡ ಅಂತ ಹಿಡಿದು ಗೆದ್ದ ರೆನಾಲ್ಡ್ಸ್, ಕೊನೆಗೆ ಇಡೀ ವಿಶ್ವವೇ ಸೂಕ್ಷ್ಮ ಕಾಳುಗಳ ರಾಶಿ ಅಂತ ವಾದಿಸಿದರು. 1903ರಲ್ಲಿ ದೊಡ್ಡ ಪುಸ್ತಕವೇ ಬಂತು. ವಿಜ್ಞಾನಲೋಕ ಒಪ್ಪಲಿಲ್ಲ. ಆರೋಗ್ಯವೂ ಕೈಕೊಟ್ಟು, 1905ರಲ್ಲಿ ನಿವೃತ್ತರಾದರು. 1912ರ ಫೆಬ್ರವರಿ 21ರಂದು ಸಾಮರ್ಸೆಟ್ಟಿನ ವಾಚೆಟ್‌ನಲ್ಲಿ ತೀರಿಕೊಂಡರು.

ಅವರ ಕಾಳುಗಳ ವಿಶ್ವ ಉಳಿಯಲಿಲ್ಲ, ಬೇರಿಂಗಿನ ಲೆಕ್ಕ ಉಳಿಯಿತು. ನಾವು ಮಾತ್ರ ಆ ಲೆಕ್ಕದ ಕೊನೆಯ ಸಾಲನ್ನಷ್ಟೇ ಬಾಯಿಪಾಠ ಮಾಡ್ತೀವಿ. ಮೊದಲ ಸಾಲಿನಲ್ಲಿ ಏನೇನು ಊಹಿಸಿಕೊಂಡಿದ್ದಾರೆ ಅಂತ ನೋಡೋದೇ ಇಲ್ಲ. ಸಿಮ್ಯುಲೇಷನ್ ಸಾಫ್ಟ್‌ವೇರಿನಲ್ಲಿ ರನ್ ಬಟನ್ ಒತ್ತೋ ಮುಂಚೆ, ಪದರ ಎಷ್ಟು ತೆಳು, ಒತ್ತಡ ಎಷ್ಟು, ಈ ಲೆಕ್ಕ ಇಲ್ಲಿಗೆ ಒಗ್ಗುತ್ತಾ ಅಂತ ಒಮ್ಮೆ ಕೇಳಿಕೊಳ್ಳೋಣ. ಬಣ್ಣಬಣ್ಣದ ಚಿತ್ರವಂತೂ ಹೇಗಿದ್ರೂ ಬಂದೇ ಬರುತ್ತೆ.