ಅಕ್ಷರವಿಲ್ಲದ ಶಾಸನವನ್ನೋದಿದ ಬ್ರೂಸ್ ಫೂಟ್

ಕಾಲನಿರ್ದೇಶವಿಲ್ಲದ ಶಾಸನವೊಂದು ಕೈಗೆ ಬಂದಾಗ ನಾವು ಕನ್ನಡದ ಅಧ್ಯಾಪಕರು ಮೊದಲು ನೋಡುವುದು ಲಿಪಿಯನ್ನು. ಅಕ್ಷರಗಳ ತಲೆಕಟ್ಟು, ಬಾಗುಬಳುಕುಗಳೇ ಅದರ ಶತಮಾನವನ್ನು ಹೇಳಿಬಿಡುತ್ತವೆ. ಭೂವಿಜ್ಞಾನಿಗೆ ಇಂಥ ಅಕ್ಷರಗಳೆಂದರೆ ಪಳೆಯುಳಿಕೆಗಳು. ಅವುಗಳಲ್ಲಿಯೂ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಚಿಪ್ಪುಗಳು, ಪರಾಗಕಣಗಳು. ನೆಲ ಕೊರೆದು ತೆಗೆದ ಹಿಡಿ ಪುಡಿಯಲ್ಲಿಯೂ ಅವು ಅಳಿಯದೆ ಉಳಿದಿರಬಲ್ಲವು. ನೂರಾರು ಮೈಲಿ ದೂರದ ಎರಡು ಪದರಗಳಲ್ಲಿ ಒಂದೇ ಜೀವಿಸಮೂಹ ಕಂಡರೆ ಅವು ಸಮಕಾಲೀನವೆಂದು ಗೊತ್ತುಮಾಡಬಹುದು. ನಮ್ಮ ಧಾರವಾಡದ ಶಿಲೆಗಳನ್ನು ಓದಲು ಬಂದ ರಾಬರ್ಟ್ ಬ್ರೂಸ್ ಫೂಟರಿಗೆ ಇಂಥ ಅಕ್ಷರವೊಂದೂ ದೊರೆಯಲಿಲ್ಲ.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಗೆ ಸೇರಿದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಸಿಕ್ಕ ಕಲ್ಲಿನ ಆಯುಧವು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಹದಿಯಾಯಿತು. ಅವರ ಖ್ಯಾತಿಗೆ ಮುಖ್ಯ ಕಾರಣ ಇದೇ. ನನಗಾದರೋ ಅವರ ಧಾರವಾಡದ ಕೆಲಸವೇ ಮೇಲೆನಿಸುತ್ತದೆ.

ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಗಾವುದ ನಡೆದರೂ ಬಂಡೆ ಕಾಣುವುದು ಅಪರೂಪ. ಅಡಿಗಲ್ಲು ಮುಖ ತೋರುವುದು ಬಾವಿ ತೋಡಿದಾಗ, ಹಳ್ಳ ಕೊರೆದಲ್ಲಿ, ಇಲ್ಲವೆ ಕಪ್ಪತಗುಡ್ಡದಂಥ ಸಾಲುಗಳಲ್ಲಿ. ಇಂಥ ಹರಕು ಓಲೆಗಳನ್ನು ಜೋಡಿಸಿ ಫೂಟರು 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತೂ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತೂ ಬರೆದರು. ಮುಂದೆ ಡಂಬಳದಿಂದ ಚಿಕ್ಕನಾಯಕನಹಳ್ಳಿಯವರೆಗಿನ ಪಟ್ಟಿಯನ್ನೂ ಅದರಂಥ ಬೇರೆ ಪಟ್ಟಿಗಳನ್ನೂ ಒಂದೇ ಕುಲವೆಂದು ಗುರುತಿಸಿ, ಅದಕ್ಕೆ ಧಾರವಾಡ ಶ್ರೇಣಿಯೆಂದು ಹೆಸರಿಟ್ಟರು. 1888ರ ಅವರ ಲೇಖನ ಅದನ್ನು ದಕ್ಷಿಣ ಭಾರತದ ಪ್ರಮುಖ ಚಿನ್ನದ ಶ್ರೇಣಿಯೆಂದು ಸಾರಿತು. ಆಧಾರವೇನು? ಕಲ್ಲಿನ ಜಾತಿ, ಪದರಗಳ ಓರೆ, ಯಾವುದರ ಮೇಲೆ ಯಾವುದು ಕುಳಿತಿದೆಯೆಂಬ ನೋಟ, ಇಷ್ಟೇ. ಮಡಿಚಿ ನಿಂತ ಹಳೆಯ ಶಿಲೆಗಳ ಮೇಲೆ ಕಲಾದಗಿಯ ಪದರಗಳು ಹಾಸಿಕೊಂಡಿರುವುದರಿಂದ ಇವು ಕಿರಿಯವು, ಅವು ಹಿರಿಯವು.

1891ರಲ್ಲಿ ನಿವೃತ್ತರಾಗಿ, ಬರೋಡಾ ಸಂಸ್ಥಾನದಲ್ಲಿಯೂ ದುಡಿದು, ಏರ್ಕಾಡಿನಲ್ಲಿ ನೆಲೆಸಿದ ಫೂಟರು 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು.

ಅಕ್ಷರವಿಲ್ಲದ ಓದಿಗೆ ಪ್ರತಿವಾದ ಏಳದಿರುವುದೆ? ಮೈಸೂರಿನ ಭೂವಿಜ್ಞಾನಿ ಸ್ಮೀತ್, ಈ ಶಿಲೆಗಳು ಬಹುಮಟ್ಟಿಗೆ ನೀರಿನಲ್ಲಿ ನಿಕ್ಷೇಪಗೊಂಡವಲ್ಲ, ಅಗ್ನಿಜನ್ಯವೆಂದರು. ಫೂಟರು ಅಡಿಪಾಯವೆಂದು ತಿಳಿದಿದ್ದ ನೈಸ್ ಶಿಲೆಯೇ ಕಿರಿಯದೆಂದರು. ಒಂದು ಚಿಪ್ಪು ಸಿಕ್ಕಿದ್ದರೂ ನೀರಿನ ಮಾತು ಇತ್ಯರ್ಥವಾಗುತ್ತಿತ್ತು! ಮುಂದೆ ಬಿ. ರಾಮರಾಯರು ಅನೇಕ ಶಿಲೆಗಳ ಜಲಜನ್ಯತೆಯನ್ನು ಮತ್ತೆ ಎತ್ತಿಹಿಡಿದರು. ಆಮೇಲೆ ಚಿತ್ರದುರ್ಗ, ಸಂಡೂರುಗಳ ಕಡೆಯ ಧಾರವಾಡ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟುಗಳು ದೊರೆತವು: ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರಪದರವಾಗಿ ಕಟ್ಟಿದ ಗುಮ್ಮಟಗಳು. ಆ ಜೀವಿಗಳ ದೇಹಗಳೇ ಉಳಿದಿವೆಯೆಂಬ ಮಾತನ್ನು ಮಾತ್ರ ಎಚ್ಚರದಿಂದ ಒಪ್ಪಬೇಕು. ಇಷ್ಟು ಬೆಂದು ನೊಂದ ಕಲ್ಲಿನಲ್ಲಿ ಖನಿಜವೂ ಜೀವಕೋಶದ ವೇಷ ಹಾಕಬಲ್ಲದು. ಆದ್ದರಿಂದ ಇಲ್ಲಿ ವಯಸ್ಸನ್ನು ಹೇಳಿದ್ದು ಜಿರ್ಕಾನ್ ಹರಳುಗಳೊಳಗಿನ ಯುರೇನಿಯಂ. ಅದರ ಪ್ರಕಾರ ಧಾರವಾಡ ಶಿಲೆಗಳಿಗೆ ಸುಮಾರು 260ರಿಂದ 290 ಕೋಟಿ ವರ್ಷ. ಅವುಗಳ ಅಡಿಯ ನೈಸ್ ಬಹುಪಾಲು 300 ಕೋಟಿಯನ್ನೂ ಮೀರಿದುದು.