ಗಾರೆಯಲ್ಲಿ ಕಂಡ ವಿಶ್ವೇಶ್ವರಯ್ಯನವರು

ನಮ್ಮ ಕಾಲೇಜಿನ ಹಿಂಬದಿಯಲ್ಲಿ, ತೆಂಗಿನ ತೋಟದ ಮಗ್ಗುಲಿಗೆ, ಈ ವರ್ಷ ಹೊಸ ಕೊಠಡಿಗಳು ಎದ್ದವು. ಅವುಗಳ ಗೋಡೆ ಕಟ್ಟಿದ ಗಾರೆ ಕೆಲಸದವರಲ್ಲಿ ನನ್ನ ತಂದೆಯೂ ಒಬ್ಬರು. ಈ ಸಂಗತಿಯನ್ನು ನಾನು ಬಹುದಿನ ಯಾರಿಗೂ ತಿಳಿಸಲಿಲ್ಲ. ಗೆಳೆಯರೊಡನೆ ಆ ಕಡೆ ಹೋದಾಗ, ಸಿಮೆಂಟು ಮೆತ್ತಿದ ಅವರ ಕೈಗಳನ್ನು ಕಂಡೂ ಕಾಣದವನಂತೆ ಹಿಂದಿರುಗುತ್ತಿದ್ದೆ.

ಆ ದಿನಗಳಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಜಯಂತಿಗೆ ಭಾಷಣ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಅವರ ಚರಿತ್ರೆಯನ್ನು ಓದತೊಡಗಿದೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಈ ಮಹನೀಯರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಮುಂದೆ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದು, 1912ರಿಂದ 1918ರವರೆಗೆ ದಿವಾನರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಸ್ಥಾಪನೆಯಾದುದು ಅವರ ಪ್ರಯತ್ನದಿಂದ. 1955ರಲ್ಲಿ ಭಾರತರತ್ನರಾದರು, 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಇದಿಷ್ಟನ್ನೂ ಬಾಯಿಪಾಠ ಮಾಡಿದ್ದೆ. ಆದರೆ ಕನ್ನಂಬಾಡಿ ಕಟ್ಟೆಯ ಪ್ರಸಂಗದಲ್ಲಿ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. 1911ರಲ್ಲಿ ಕೆಲಸ ಆರಂಭವಾದಾಗ ಸಿಮೆಂಟು ಬಹುಪಾಲು ಪರದೇಶದಿಂದ ಬರಬೇಕಾಗಿದ್ದ ವಸ್ತು. ಸುಮಾರು 8600 ಅಡಿ ಉದ್ದದ ಆ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಸುರ್ಕಿ ಎಂದರೇನೆಂದು ಮನೆಯಲ್ಲಿ ಅಜ್ಜನನ್ನು ಕೇಳಿದೆ. ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ, ನೀರು ಇವನ್ನು ಸೇರಿಸಿ ನುಣ್ಣಗೆ ಅರೆಯುವ ಬಗೆಯನ್ನು ಅವರು ಕೈಯಾಡಿಸಿ ವಿವರಿಸಿದರು. ನಾವು ವರ್ಷಗಟ್ಟಲೆ ಕೊಬ್ಬರಿಗೆ ಕಾಯಿ ಹಾಕುವ ಅಟ್ಟವನ್ನು ಹೊತ್ತ ಗೋಡೆಗಳೂ ಅದೇ ಗಾರೆಯವೆಂದು ಆಗ ತಿಳಿಯಿತು. ಕಾವೇರಿಯನ್ನು ತಡೆದ ವಿದ್ಯೆ ನಮ್ಮ ಮನೆಯಲ್ಲೇ ಇದ್ದಿತು!

ಮರುದಿನ ಹೊಸ ಕಟ್ಟಡದ ಬಳಿ ನಿಂತು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುತ್ತದೆಂದು ತಂದೆಯವರು ಇಟ್ಟಿಗೆಯನ್ನು ಮೊದಲೇ ನೆನೆಸುತ್ತಿದ್ದರು. ಸಾಲು ಸಾಲಿಗೂ ದಾರ ಹಿಡಿದು, ತೂಕದ ಗುಂಡು ಬಿಟ್ಟು, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದಂತೆ ಕೂರಿಸುತ್ತಿದ್ದರು. ಬಿಗಿಯತೊಡಗಿದ ಗಾರೆಯನ್ನು ನೀರು ಹಾಕಿ ಮತ್ತೆ ಬಳಸದೆ ಚೆಲ್ಲುತ್ತಿದ್ದರು. ಕಟ್ಟಿದ ಗೋಡೆಗೆ ದಿನವೂ ನೀರುಣಿಸುತ್ತಿದ್ದರು. ಮೇಲೆ ಗಿಲಾವು ಬಿದ್ದ ಮೇಲೆ ಇದೊಂದೂ ಯಾರ ಕಣ್ಣಿಗೂ ಬೀಳದು. ಕಾಣದ ಕಡೆಯಲ್ಲಿ ಕೆಲಸವನ್ನು ಕೆಡಿಸದಿರುವುದೇ ವಿಶ್ವೇಶ್ವರಯ್ಯನವರ ಬಾಳಿನ ಪಾಠವೆಂದು ನಾನು ಬರೆದಿಟ್ಟುಕೊಂಡಿದ್ದೆ. ಅದು ಕಣ್ಣೆದುರಿಗೇ ನಡೆಯುತ್ತಿತ್ತು.

ಜಯಂತಿಯ ದಿನ ಭಾಷಣ ಮುಗಿಸಿ, ಗೆಳೆಯರನ್ನು ಕರೆದುಕೊಂಡು ಹೋಗಿ, ಇವರು ನನ್ನ ತಂದೆ ಎಂದು ತೋರಿಸಿದೆ. ಅವರು ಕೈ ಒರೆಸಿಕೊಂಡು ನಕ್ಕರು. ಆ ಮಹಾಪುರುಷರಿಗೆ ನಾನು ಸಲ್ಲಿಸಿದ ಗೌರವ ಭಾಷಣಕ್ಕಿಂತ ಅದೇ ಎಂದು ತಿಳಿದಿದ್ದೇನೆ.