ಜಮಾಲ್‌ಪುರದ ಒಂದು ವರ್ಷ: ಎ. ಲಲಿತಾ ಎಂಬ ಅಪ್ರೆಂಟಿಸ್

ಫೈನಲ್ ಇಯರ್ ಬಂತು ಅಂದ್ರೆ ಗಂಗಾನಗರದ ಟೀ ಅಂಗಡಿಗಳ ಮುಂದೆ ನಮ್ಮ ಮಾತೆಲ್ಲ ಒಂದೇ: ಪ್ಲೇಸ್‌ಮೆಂಟ್ ಆಯ್ತಾ, ಇಲ್ವಾ? ಆಗದೇ ಇದ್ದವರು ಮೆಲ್ಲಗೆ ಅಪ್ರೆಂಟಿಸ್ ಜಾಹೀರಾತು ಹುಡುಕೋಕೆ ಶುರು ಮಾಡ್ತೀವಿ. ಇಲ್ಲೇ ಹತ್ತಿರದ ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಇದೆ. 1984ರಿಂದ ಗಾಲಿ ಮತ್ತು ಆಕ್ಸಲ್ ತಯಾರಿಸುತ್ತಿರುವ ಆ ಕಾರ್ಖಾನೆ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್, ಫಿಟ್ಟರ್‌ಗಳನ್ನು ಅಪ್ರೆಂಟಿಸ್ ಆಗಿ ತಗೊಳ್ಳುತ್ತೆ. ಡಿಗ್ರಿ ಮುಗಿಸಿದವರಿಗೂ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ವ್ಯವಸ್ಥೆ ದೇಶದಲ್ಲಿದೆ. ಆದರೂ ಮನೆಯಲ್ಲಿ ಈ ಪದ ಹೇಳೋಕೆ ನಮಗೆ ನಾಚಿಕೆ. ಕೆಲಸ ಸಿಗದವನಿಗೆ ಕೊಡುವ ಸಮಾಧಾನದ ಬಹುಮಾನ ಅನ್ನೋ ಭಾವನೆ.

ಹಾಗಾಗಿ ಈ ಸಲ ನಾವು ಒಬ್ಬ ಅಪ್ರೆಂಟಿಸ್ ಕಥೆ ಹೇಳ್ತೀವಿ. ಭಾರತದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಇಂಜಿನಿಯರ್ ಅಂತ ಹೆಸರಾದ ಎ. ಲಲಿತಾ ಅವರದ್ದು. ಪೂರ್ತಿ ಹೆಸರು ಅಯ್ಯಲಸೋಮಯಾಜುಲ ಲಲಿತಾ.

ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದ್ರಾಸಿನ ತೆಲುಗು ಕುಟುಂಬದಲ್ಲಿ. ತಂದೆ ಪಪ್ಪು ಸುಬ್ಬರಾವ್ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. ಏಳು ಮಕ್ಕಳಲ್ಲಿ ಈಕೆ ಐದನೆಯವರು. ಹದಿನೈದಕ್ಕೇ ಮದುವೆ ಆಯ್ತು. ಹದಿನೆಂಟಕ್ಕೆ ಗಂಡ ತೀರಿಕೊಂಡರು. ಆಗ ಮಗಳಿಗೆ ನಾಲ್ಕು ತಿಂಗಳು.

ನಾವು ಹದಿನೆಂಟಕ್ಕೆ ಸಿಇಟಿ ರ‍್ಯಾಂಕ್ ನೋಡಿಕೊಂಡು ಯಾವ ಬ್ರಾಂಚ್ ಅಂತ ತಲೆ ಕೆಡಿಸಿಕೊಂಡಿದ್ವಿ. ಅದೇ ವಯಸ್ಸಿನಲ್ಲಿ ಲಲಿತಾ ಅವರ ಮುಂದಿದ್ದ ಪ್ರಶ್ನೆ, ಮುಂದಿನ ಬದುಕೆಲ್ಲ ಮನೆಯ ಒಂದು ಮೂಲೆಯಲ್ಲೇ ಕಳೆಯಬೇಕಾ ಅನ್ನೋದು. ಆ ಕಾಲದಲ್ಲಿ ವಿಧವೆಯರಿಗೆ ಸಮಾಜ ಬಿಟ್ಟಿದ್ದ ಜಾಗ ಅಷ್ಟೇ. ಅವರು ಮತ್ತೆ ಓದಲು ನಿಶ್ಚಯಿಸಿದರು. ಮದ್ರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಅನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದರು.

ಓದಿದ ಹೆಣ್ಣುಮಕ್ಕಳಿಗೆ ಆಗ ವೈದ್ಯಕೀಯದ ದಾರಿ ತೆರೆದಿತ್ತು. ಆದರೆ ಡಾಕ್ಟರ್ ಆದರೆ ಅಪರಾತ್ರಿಯಲ್ಲಿ ಎದ್ದು ಓಡಬೇಕು. ಮಗುವನ್ನು ಯಾರು ನೋಡಿಕೊಳ್ಳೋದು? ಹೊತ್ತಿಗೆ ಹೋಗಿ ಹೊತ್ತಿಗೆ ಬರುವ ಕೆಲಸ ಬೇಕಿತ್ತು. ತಂದೆ ಇಂಜಿನಿಯರ್, ಅಣ್ಣತಮ್ಮಂದಿರೂ ಅದೇ ದಾರಿಯವರು. ಹೀಗೆ ಲೆಕ್ಕ ಹಾಕಿ ಲಲಿತಾ ಇಂಜಿನಿಯರಿಂಗ್ ಆರಿಸಿಕೊಂಡರು.

ಗಿಂಡಿ ಕಾಲೇಜಿನಲ್ಲಿ ಅಲ್ಲಿಯವರೆಗೆ ಒಬ್ಬ ಹುಡುಗಿಯೂ ಓದಿರಲಿಲ್ಲ. ಸುಬ್ಬರಾವ್ ಅವರು ಪ್ರಿನ್ಸಿಪಾಲ್ ಕೆ. ಸಿ. ಚಾಕೊ ಅವರನ್ನು ಕೇಳಿದರು. ಮದ್ರಾಸ್ ಪ್ರಾಂತ್ಯದ ಶಿಕ್ಷಣ ಇಲಾಖೆಯ ನಿರ್ದೇಶಕ ಆರ್. ಎಂ. ಸ್ಟ್ಯಾಥಮ್ ಅವರ ಒಪ್ಪಿಗೆಯೂ ಸಿಕ್ಕಿತು. ನೂರಾರು ಹುಡುಗರ ನಡುವೆ ಲಲಿತಾ ಒಬ್ಬರೇ. ಹಾಸ್ಟೆಲ್ ವಾಸ, ವಾರದ ಕೊನೆಗೆ ಮನೆಗೆ ಬಂದು ಮಗಳ ಮುಖ ನೋಡೋದು. ಹುಡುಗರಿಂದ ತೊಂದರೆ ಆಗದಿದ್ದರೂ ಒಂಟಿತನ ಕಾಡಿತು. ಹುಡುಗಿಯರಿಗೂ ಪ್ರವೇಶ ಇದೆ ಅಂತ ಕಾಲೇಜು ಪ್ರಕಟಣೆ ಕೊಟ್ಟ ಮೇಲೆ ಲೀಲಮ್ಮ ಜಾರ್ಜ್ ಮತ್ತು ಪಿ. ಕೆ. ತ್ರೇಸ್ಯಾ ಸಿವಿಲ್ ವಿಭಾಗಕ್ಕೆ ಸೇರಿದರು. ಅವರು ಒಂದು ವರ್ಷ ಜೂನಿಯರ್. ಆದರೆ ಮಹಾಯುದ್ಧದಿಂದಾಗಿ ಕೋರ್ಸಿನ ಅವಧಿ ಕಡಿಮೆ ಮಾಡಿದ್ದರಿಂದ ಮೂವರೂ ಒಟ್ಟಿಗೇ ಹೊರಬಂದರು. ಕಾಲೇಜಿನ ಪ್ರಮಾಣಪತ್ರದಲ್ಲಿ 'ಅವನು' ಅನ್ನುವ ಅರ್ಥದ ಇಂಗ್ಲಿಷ್ ಪದ ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದು ಹಾಕಿ ಕೈಯಲ್ಲಿ 'ಅವಳು' ಅಂತ ತಿದ್ದಿ ಕೊಡಬೇಕಾಯ್ತು.

ಲಲಿತಾ ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಈ ತಿದ್ದುಪಡಿಯ ಹತ್ತಿರವೇ ನಿಂತುಬಿಡ್ತಾರೆ. ನಮಗೆ ಮುಖ್ಯ ಅನ್ನಿಸಿದ್ದು ಅದರ ಜೊತೆಗೇ ಬರುವ ಇನ್ನೊಂದು ಸಂಗತಿ. ಇಂಜಿನಿಯರ್ ಅನ್ನಿಸಿಕೊಳ್ಳೋಕೆ ಪರೀಕ್ಷೆ ಪಾಸಾದರೆ ಸಾಲದಾಗಿತ್ತು; ಪ್ರಾಯೋಗಿಕ ತರಬೇತಿಯೂ ಆಗಬೇಕಿತ್ತು. ಅದಕ್ಕಾಗಿ ಅವರು ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿದ್ದು ಬಿಹಾರದ ಜಮಾಲ್‌ಪುರ ರೈಲ್ವೆ ವರ್ಕ್‌ಶಾಪಿಗೆ.

ಜಮಾಲ್‌ಪುರ ಸಣ್ಣ ಜಾಗ ಅಲ್ಲ. ಈಸ್ಟ್ ಇಂಡಿಯನ್ ರೈಲ್ವೆ 1862ರಲ್ಲಿ ಕಟ್ಟಿದ ಆ ವರ್ಕ್‌ಶಾಪ್‌ನಲ್ಲಿ ಎರಕದ ಮನೆ, ರೋಲಿಂಗ್ ಮಿಲ್, ಸ್ವಂತ ಪವರ್ ಹೌಸ್ ಎಲ್ಲ ಇದ್ದವು. 1899ರಲ್ಲಿ ಅಲ್ಲೇ ಒಂದು ಉಗಿ ಇಂಜಿನ್ ಕಟ್ಟಿ ಹಳಿ ಮೇಲೆ ಬಿಟ್ಟಿದ್ದರು. ರೈಲ್ವೆ ಅಧಿಕಾರಿಗಳಾಗುವ ಸ್ಪೆಷಲ್ ಕ್ಲಾಸ್ ಅಪ್ರೆಂಟಿಸ್‌ಗಳನ್ನು 1927ರಿಂದ ತರಬೇತು ಮಾಡಿದ್ದೂ ಅಲ್ಲೇ. ಎಲೆಕ್ಟ್ರಿಕಲ್ ಓದಿದವರಿಗೆ ಉಗಿ ಇಂಜಿನ್ ರಿಪೇರಿ ಮಾಡೋ ಜಾಗದಲ್ಲಿ ಏನು ಕೆಲಸ ಅಂತ ನಾವೂ ಮೊದಲು ಅಂದುಕೊಂಡ್ವಿ. ಆದರೆ ಲೋಹ ಕರಗಿಸೋದರಿಂದ ಹಿಡಿದು ಪೂರ್ತಿ ಯಂತ್ರ ಜೋಡಿಸಿ ಓಡಿಸೋವರೆಗೆ ಎಲ್ಲವೂ ಒಂದೇ ಕಾಂಪೌಂಡಿನೊಳಗೆ ನಡೆಯುವ ಅಂಥ ಜಾಗಗಳು ಆಗ ದೇಶದಲ್ಲಿ ಬೆರಳೆಣಿಕೆಯಷ್ಟು. ಓದಿದ ಮೋಟರು, ಜನರೇಟರು ನಿಜವಾದ ಲೋಡ್ ಹೊತ್ತಾಗ ಹೇಗಿರುತ್ತೆ ಅಂತ ಲ್ಯಾಬಿನಲ್ಲಿ ಗೊತ್ತಾಗಲ್ಲ. ನಮ್ಮ ಮಷೀನ್ಸ್ ಲ್ಯಾಬಿನಲ್ಲಿ ರೀಡಿಂಗ್ ಬರೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷಕ್ಕೆ ಅವರು ತೆತ್ತ ಬೆಲೆಯನ್ನೂ ನೋಡಬೇಕು. ಮಗಳಿಗೆ ಆಗ ಆರರ ಆಸುಪಾಸು. ಗಿಂಡಿಯಿಂದಾದರೆ ವಾರಕ್ಕೊಮ್ಮೆ ಮನೆಗೆ ಬರಬಹುದಿತ್ತು. ಜಮಾಲ್‌ಪುರ ಅಂದ್ರೆ ಕಲ್ಕತ್ತಾ ದಾಟಿ ಗಂಗೆಯ ದಂಡೆಯ ಮುಂಗೇರ್ ಜಿಲ್ಲೆ, ಅದೂ ಯುದ್ಧದ ಕಾಲದಲ್ಲಿ. ಮಗಳ ಹತ್ತಿರ ಇರಬಹುದು ಅಂತಲೇ ಇಂಜಿನಿಯರಿಂಗ್ ಆರಿಸಿಕೊಂಡಿದ್ದ ತಾಯಿ, ಆ ಇಂಜಿನಿಯರಿಂಗ್ ಪೂರ್ತಿ ಮಾಡೋಕೆ ಇಷ್ಟು ದೂರ ಹೋದರು.

ಆಮೇಲೆ ಶಿಮ್ಲಾದ ಕೇಂದ್ರ ಮಾನಕ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಅಸಿಸ್ಟೆಂಟ್ ಆಗಿ 1946ರ ಕೊನೆಯವರೆಗೆ ದುಡಿದರು. ಅದೇ ಹೊತ್ತಿನಲ್ಲಿ ಲಂಡನ್ನಿನ ಎಲೆಕ್ಟ್ರಿಕಲ್ ಇಂಜಿನಿಯರುಗಳ ಸಂಸ್ಥೆಯ ಪರೀಕ್ಷೆಯನ್ನೂ ಬರೆದರು. ಕೆಲ ತಿಂಗಳು ತಂದೆಯ ಸಂಶೋಧನೆಗಳಿಗೆ ನೆರವಾದರು; ವಿದ್ಯುತ್ತಿನಿಂದ ನುಡಿಯುವ ಒಂದು ಸಂಗೀತ ವಾದ್ಯ, ಹೊಗೆ ಬಾರದ ಒಲೆ ಅವುಗಳಲ್ಲಿ ಸೇರಿವೆ. 1948ರಲ್ಲಿ ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು. ಅಲ್ಲಿ ಅವರ ಕೆಲಸ ಟ್ರಾನ್ಸ್‌ಮಿಷನ್ ಲೈನ್ ವಿನ್ಯಾಸ, ಸಬ್‌ಸ್ಟೇಷನ್ ಲೇಔಟ್, ರಕ್ಷಣಾ ಸಾಧನಗಳು. ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರುಗಳ ಕೆಲಸದಲ್ಲೂ ಅವರ ಕೈಯಿತ್ತು. ಕಂಪನಿ ಮುಂದೆ ಜಿಇಸಿ ತೆಕ್ಕೆಗೆ ಹೋಯ್ತು. ಲಲಿತಾ ಅಲ್ಲೇ ಉಳಿದು 1977ರಲ್ಲಿ ನಿವೃತ್ತರಾದರು.

1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರು ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಭಾರತದಲ್ಲಿ ಅಂಥ ಸಂಘವೇ ಇರಲಿಲ್ಲವಾದ್ದರಿಂದ ಲಲಿತಾ ಸ್ವಂತ ನೆಲೆಯಲ್ಲಿ ಹೋಗಿ ಬಂದರು. 1967ರ ಕೇಂಬ್ರಿಜ್ ಸಮ್ಮೇಳನಕ್ಕೆ ಐವರು ಭಾರತೀಯ ಮಹಿಳೆಯರು ಹೋಗುವಂತೆ ಓಡಾಡಿದರು. ಎರಡನೇ ಮದುವೆ ಆಗಲಿಲ್ಲ. ಮಗಳನ್ನು ಓದಿಸಿ ಬೆಳೆಸಿದರು. 1979ರ ಅಕ್ಟೋಬರ್ 12ರಂದು, ಅರವತ್ತರ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮೂರಿನ ಒಂದು ಮಾತೂ ಸೇರಿಸ್ತೀವಿ. 1943ರಲ್ಲಿ ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ವಿಭಾಗಕ್ಕೆ ರಾಜೇಶ್ವರಿ ಚಟರ್ಜಿ ಸಂಶೋಧನೆಗೆ ಸೇರಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಹೆಸರಾದ ಅವರೂ ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಎಂಟು ತಿಂಗಳು ಅಲ್ಲಿನ ಮಾನಕ ಸಂಸ್ಥೆಯಲ್ಲಿ ಪ್ರಾಯೋಗಿಕ ತರಬೇತಿ ಪಡೆದವರೇ.

ಎಲ್ಲರಿಗೂ ಅಪ್ರೆಂಟಿಸ್‌ಶಿಪ್ಪೇ ಸರಿ ಅಂತ ನಾವು ಹೇಳಲ್ಲ. ಸ್ಟೈಪೆಂಡ್ ಕಡಿಮೆ, ವರ್ಷ ಮುಗಿದ ಮೇಲೆ ಅಲ್ಲೇ ನೌಕರಿ ಅನ್ನೋ ಭರವಸೆ ಇಲ್ಲ. ಎಜುಕೇಶನ್ ಲೋನ್ ಇರುವ ಮನೆಯ ಕಷ್ಟ ನಮಗೂ ಗೊತ್ತು. ಆದರೆ ನಮ್ಮ ಪೈಕಿ ಯಾರಾದ್ರೂ ಆ ದಾರಿ ಹಿಡಿದರೆ, ಪ್ಲೇಸ್‌ಮೆಂಟ್ ಆಗಲಿಲ್ವಾ ಪಾಪ ಅನ್ನೋದನ್ನು ಬಿಟ್ಟು, ಯಾವ ಶಾಪ್‌ನಲ್ಲಿ ಹಾಕಿದ್ದಾರೆ, ಏನು ಕಲಿಸ್ತಿದ್ದಾರೆ ಅಂತ ಕೇಳೋಣ.